ಬೀಜದ ಮೇಳ, ಬೆಲೆಯ ಪೇಟೆ: ಹುಬ್ಬಳ್ಳಿ-ಧಾರವಾಡದ ಹತ್ತಿ ಕಲಿಸಿದ ಪಾಠ

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಕೃಷಿ ಮೇಳ ನಡೆಯುತ್ತದೆ. ಉತ್ತರ ಕರ್ನಾಟಕದ ಊರೂರುಗಳಿಂದ ಲಕ್ಷಗಟ್ಟಲೆ ಜನ ಬಂದು ಸೇರುತ್ತಾರೆ. ಹೊಸ ತಳಿಯ ಬೀಜ, ಔಷಧ ಹೊಡೆಯುವ ಯಂತ್ರ, ಟ್ರ್ಯಾಕ್ಟರ್, ಹನಿ ನೀರಾವರಿಯ ಕೊಳವೆ ಎಲ್ಲವೂ ಅಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಅಲ್ಲಿಂದ ಹುಬ್ಬಳ್ಳಿಯ ಕಡೆಗೆ ಹೊರಟರೆ ದಾರಿಯಲ್ಲಿ ಅಮರಗೋಳದ ಎಪಿಎಂಸಿ ಪ್ರಾಂಗಣ ಸಿಗುತ್ತದೆ. ಮೇಳದಲ್ಲಿ ಬೀಜ ಕೊಂಡ ರೈತನೇ ಆರು ತಿಂಗಳ ನಂತರ ಮಾಲು ಹೇರಿಕೊಂಡು ಪೇಟೆಗೆ ಬರುತ್ತಾನೆ. ಬೆಳೆಯುವುದು ಹೇಗೆ ಎಂಬುದನ್ನು ಅವನು ಮೇಳದಲ್ಲಿ ಕಲಿಯುತ್ತಾನೆ. ಬೆಳೆದದ್ದಕ್ಕೆ ಎಷ್ಟು ಸಿಗುತ್ತದೆ ಎಂಬುದು ಮಾತ್ರ ಅವನಿಗೆ ಪೇಟೆಯಲ್ಲೇ ಗೊತ್ತಾಗಬೇಕು. ಈ ಎರಡು ಜಾಗಗಳ ನಡುವಿನ ಅಂತರ ಕೆಲವೇ ಮೈಲಿಗಳದ್ದು. ಆದರೆ ಒಂದೂಮುಕ್ಕಾಲು ಶತಮಾನ ದಾಟಿದರೂ ಅದನ್ನು ಪೂರ್ತಿ ಕ್ರಮಿಸಲು ನಮಗೆ ಆಗಿಲ್ಲ.

ಈ ಮಾತು ಏಕೆ ಹೇಳುತ್ತಿದ್ದೇವೆ ಎಂಬುದು ಅರ್ಥವಾಗಬೇಕಾದರೆ ಈ ಸೀಮೆಯ ಹತ್ತಿಯ ಇತಿಹಾಸವನ್ನು ಒಮ್ಮೆ ತಿರುವಿ ಹಾಕಬೇಕು.

ಬೆಳೆದ ಊರಿಗಿಲ್ಲದ ಹೆಸರು

ಧಾರವಾಡ, ಹುಬ್ಬಳ್ಳಿ, ನವಲಗುಂದ, ಗದಗ ಸೀಮೆಯ ಎರೆ ಹೊಲಗಳಲ್ಲಿ ಹಿಂದಿನಿಂದಲೂ ಜವಾರಿ ಹತ್ತಿ ಬೆಳೆಯುತ್ತಿದ್ದರು. ಅದು ಎತ್ತು, ಗಾಡಿಗಳ ಮೇಲೆ ಘಟ್ಟ ಇಳಿದು ಕುಮಟಾ ಬಂದರು ಸೇರಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿ ಮತ್ತು ಇಂಗ್ಲೆಂಡಿನ ವ್ಯಾಪಾರಿಗಳು ಅದನ್ನು ಕರೆದದ್ದು 'ಕುಮಟಾ ಹತ್ತಿ' ಎಂದು! ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಬೆಳೆದವನ ಊರಿನ ಹೆಸರು ದಾರಿಯಲ್ಲೇ ಕಳೆದುಹೋಗಿ, ಮಾಲು ಹಡಗು ಹತ್ತಿದ ಊರಿನ ಹೆಸರು ಅಂಟಿಕೊಂಡಿತು. ಪೇಟೆಯ ದೃಷ್ಟಿಯಲ್ಲಿ ಬೆಳೆದವನಿಗೆ ಎಷ್ಟು ಸ್ಥಾನವಿತ್ತು ಎಂಬುದಕ್ಕೆ ಇದೊಂದು ಸಣ್ಣ ಗುರುತು.

ಇಂಗ್ಲೆಂಡಿನ ಮಿಲ್ಲುಗಳಿಗೆ ಜವಾರಿ ಹತ್ತಿಯ ಗಿಡ್ಡ ಎಳೆ ಸಾಲುತ್ತಿರಲಿಲ್ಲ. ಅಮೆರಿಕದ ಉದ್ದ ಎಳೆಯ ಹತ್ತಿಯನ್ನು ಇಲ್ಲಿಯೇ ಬೆಳೆಸಬೇಕೆಂದು 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತು ಮಂದಿ ತೋಟಗಾರರನ್ನು ಭಾರತಕ್ಕೆ ಕರೆತಂದಿತು. ಅವರಲ್ಲಿ ಒಬ್ಬನಾದ ಮರ್ಸರ್ ಈ ಸೀಮೆಗೆ ಬಂದು, ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿದ. ದೇಶದ ಬೇರೆಡೆ ಬಹುಪಾಲು ಸೋತ ಈ ಪ್ರಯತ್ನ ಧಾರವಾಡದ ಮಣ್ಣಿನಲ್ಲಿ ಗೆದ್ದಿತು. ನ್ಯೂ ಆರ್ಲಿಯನ್ಸ್‌ನಿಂದ ಬಂದ ಬೀಜ ಇಲ್ಲಿ 'ವಿಲಾಯತಿ ಹತ್ತಿ'ಯಾಯಿತು, ಹೊರಗಿನ ಪೇಟೆಯಲ್ಲಿ 'ಧಾರವಾಡ-ಅಮೆರಿಕನ್' ಎನಿಸಿಕೊಂಡಿತು. ಇದರ ಬೀಜಕ್ಕೆ ಅಂಟಿದ ಅರಳೆ ಹಳೆಯ ಕೈಸಾಧನಗಳಿಗೆ ಸುಲಭವಾಗಿ ಬಿಡುತ್ತಿರಲಿಲ್ಲ. ಆದ್ದರಿಂದ ಗರಗಸದ ಹಲ್ಲುಳ್ಳ ಜಿನ್ನಿಂಗ್ ಯಂತ್ರಗಳು ಬಂದವು. ಅವುಗಳನ್ನು ತಯಾರಿಸಲು, ರಿಪೇರಿ ಮಾಡಲು ಸರಕಾರ ಧಾರವಾಡದಲ್ಲಿ ಕಾರ್ಖಾನೆಯನ್ನೇ ತೆರೆಯಿತು.

ಬೀಜ ಬಂತು, ಯಂತ್ರ ಬಂತು. ಬೆಲೆ?

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತುಹೋದಾಗ ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಘಟ್ಟದ ಕೆಳಗೆ ಒಳ್ಳೆಯ ಬಂದರು ಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ಒತ್ತಡ ತಂದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಲೆಕ್ಕಾಚಾರವಿತ್ತು. ಬೆಲೆ ಏರಿದಂತೆ ಕಲಬೆರಕೆಯೂ ಏರಿತು. ಅರಳೆಯಲ್ಲಿ ಬೀಜ, ಮಣ್ಣು ಬೆರೆಸುವುದು, ವಿಲಾಯತಿಯೊಳಗೆ ಜವಾರಿ ತುಂಬುವುದು ನಡೆಯಿತು. 1863ರಲ್ಲಿ ಮುಂಬಯಿ ಸರಕಾರ ಹತ್ತಿ ಮೋಸದ ವಿರುದ್ಧ ಕಾನೂನು ಮಾಡಿತು. ಆದರೆ ಆ ಕಾನೂನು ಕಾಯಲು ಹೊರಟದ್ದು ಮಾಲು ಕೊಳ್ಳುವವನ ಹಿತವನ್ನು. ತೂಕದಲ್ಲಿ, ದರದಲ್ಲಿ ರೈತನಿಗಾಗುವ ಮೋಸಕ್ಕೆ ಅಂಥ ಕಾನೂನು ಬರಲು ಇನ್ನೂ ಆರು ದಶಕಗಳು ಬೇಕಾದವು. 1865ರಲ್ಲಿ ಯುದ್ಧ ಮುಗಿಯಿತು, ದರ ಕುಸಿಯಿತು. ಎಲ್ಲೋ ಸಾವಿರಾರು ಮೈಲಿ ದೂರದ ಯುದ್ಧ ನಿಂತದ್ದಕ್ಕೆ ತಾನೇಕೆ ಸಾಲಗಾರನಾದೆ ಎಂಬುದು ಎರೆ ಹೊಲದ ರೈತನಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಪೇಟೆಯ ಭಾಷೆ, ಪೇಟೆಯ ಜನ

1880ರ ದಶಕದಲ್ಲಿ ರೈಲು ಬಂದ ಮೇಲೆ ಹುಬ್ಬಳ್ಳಿ ದೊಡ್ಡ ಪೇಟೆಯಾಯಿತು. ಹತ್ತಿ ಘಟ್ಟ ಇಳಿಯುವ ಬದಲು ರೈಲು ಹತ್ತಿತು. ಕುಮಟೆಯ ವೈಭವ ಇಳಿಯಿತು. ಜಿನ್ನಿಂಗ್, ಪ್ರೆಸ್ಸಿಂಗ್ ಕಾರ್ಖಾನೆಗಳು ಎದ್ದವು.

ಈ ಪೇಟೆಯ ಮಾತುಗಳನ್ನು ಸ್ವಲ್ಪ ಗಮನಿಸಿ. ದಲಾಲ, ಹಮಾಲ, ಬಾಕಿ, ವಸೂಲಿ, ಜಮಾ ಇವೆಲ್ಲ ಅರಬಿ ಮೂಲದಿಂದ ಬಂದ ಪದಗಳು. ರಸೀದಿ, ಬಜಾರು ಪಾರಸಿಯವು. ಇವು ಪರಭಾಷೆಯ ಪದಗಳೆಂದು ಇಂದು ಯಾರಿಗೂ ಅನಿಸುವುದಿಲ್ಲ. ಹೊಲದ ಮಾತು ಕನ್ನಡದ್ದು, ಲೆಕ್ಕದ ಮಾತು ದೂರದಿಂದ ಬಂದದ್ದು. ವ್ಯಾಪಾರ ಜಾತಿ-ಧರ್ಮಗಳ ಗೋಡೆ ದಾಟಿ ಜನರನ್ನು ಒಂದೇ ಅಂಗಳಕ್ಕೆ ತಂದಿತ್ತು ಎಂಬುದಕ್ಕೆ ಈ ಪದಗಳೇ ಸಾಕ್ಷಿ.

ಹತ್ತಿಯ ಮಾತು ಬಂದಾಗ ಪಿಂಜಾರರನ್ನು ಮರೆಯಲಾಗದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅರಳೆ ಹಿಂಜುವುದು ಈ ಮುಸ್ಲಿಮ್ ಸಮುದಾಯದ ಕುಲಕಸುಬು. ಅವರ ಇನ್ನೊಂದು ಹೆಸರಾದ 'ನದಾಫ್' ಎಂಬುದಕ್ಕೆ ಅರಬಿಯಲ್ಲಿ ಹತ್ತಿ ಹಿಂಜುವವನು ಎಂದೇ ಅರ್ಥ. ಬಿಲ್ಲಿನಂಥ ಸಾಧನದ ತಂತಿ ಮೀಟಿ ಅರಳೆಯನ್ನು ಹಗುರ ಮಾಡಿ ಕೊಟ್ಟರೆ, ಮನೆಮನೆಯ ಹೆಣ್ಣುಮಕ್ಕಳು ಅದನ್ನು ನೂಲುತ್ತಿದ್ದರು. ನೇಕಾರ ಬಟ್ಟೆ ಮಾಡುತ್ತಿದ್ದ. ಮಿಲ್ಲಿನ ನೂಲು ಬಂದ ಮೇಲೆ ರಾಟಿ ನಿಂತಿತು. ರಾಟಿ ನಿಂತಾಗ ಪಿಂಜಾರರ ಬಿಲ್ಲಿಗೆ ಉಳಿದದ್ದು ಗಾದಿ, ದಿಂಬುಗಳ ಕೆಲಸ ಮಾತ್ರ. ಹಲವರು ಹೊಲಕ್ಕೆ, ಕೂಲಿಗೆ, ಹಮಾಲಿಗೆ ಹೋದರು. ಹತ್ತಿಯ ಕ್ರಾಂತಿಗಳ ಬಗ್ಗೆ ಬರೆಯುವವರು ಬೀಜ ತಂದವರ ಹೆಸರು ಬರೆಯುತ್ತಾರೆ. ಈ ಕೈಗಳ ಲೆಕ್ಕ ಹಿಡಿದವರು ಕಡಿಮೆ.

ಆ ಕಾಲದ ಪೇಟೆಯಲ್ಲಿ ರೈತನ ಸ್ಥಿತಿ ಹೇಗಿತ್ತು? ದೇಶದ ಅನೇಕ ಪೇಟೆಗಳಲ್ಲಿ ದಲಾಲ ಮತ್ತು ಖರೀದಿದಾರ ಒಂದು ಬಟ್ಟೆಯ ಕೆಳಗೆ ಕೈ ಹಿಡಿದು, ಬೆರಳ ಸಂಜ್ಞೆಯಲ್ಲೇ ದರ ಗೊತ್ತುಮಾಡುತ್ತಿದ್ದರು. ಮಾಲಿನ ಮಾಲೀಕ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ತನ್ನ ಮಾಲಿನ ದರ ಕಾಣುತ್ತಿರಲಿಲ್ಲ! ಮೇಲಾಗಿ ತೂಕದ ಕಡಿತ, ಮಾದರಿಗೆಂದು ತೆಗೆದ ಮಾಲು, ಹಮಾಲಿ, ದಲಾಲಿ, ಧರ್ಮಾದಾಯದ ಹೆಸರಿನ ಕಡಿತ. ದಲಾಲನಿಂದಲೇ ಮುಂಗಡ ಪಡೆದಿದ್ದ ರೈತ ಬೇರೆ ಅಂಗಡಿಗೆ ಮಾಲು ಒಯ್ಯುವಂತೆಯೂ ಇರಲಿಲ್ಲ.

1915ರ ಒಂದು ಹೊಸ ಆಲೋಚನೆ

ಈ ಕಟ್ಟನ್ನು ಸಡಿಲಿಸುವ ಪ್ರಯತ್ನ ಶುರುವಾದದ್ದೂ ಈ ನೆಲದಲ್ಲೇ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. ಆದರೆ ಆ ಕಾಯ್ದೆಯಲ್ಲಿ ಸಾಲ ಕೊಡುವ ಸಂಘಗಳಿಗೆ ಮಾತ್ರ ಅವಕಾಶವಿತ್ತು. 1912ರ ಹೊಸ ಕಾಯ್ದೆ ಮಾರಾಟದಂಥ ಬೇರೆ ಉದ್ದೇಶಗಳಿಗೂ ಬಾಗಿಲು ತೆರೆಯಿತು. ಮೂರೇ ವರ್ಷಗಳಲ್ಲಿ, 1915ರಲ್ಲಿ, ಹುಬ್ಬಳ್ಳಿಯಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘ ಹುಟ್ಟಿತು. ಸಹಕಾರ ಚಳವಳಿಯ ಇತಿಹಾಸ ಬರೆದವರು ಇದನ್ನು ಭಾರತದ ಮೊದಲ ಸಹಕಾರಿ ಮಾರಾಟ ಸಂಘವೆಂದು ಗುರುತಿಸುತ್ತಾರೆ. 1917ರಲ್ಲಿ ಗದಗದಲ್ಲಿ ಇನ್ನೊಂದು ಸಂಘ ಬಂತು.

ಈ ಸಂಘದ ಉದ್ದೇಶ ಎರಡು: ಸುಧಾರಿತ ಹತ್ತಿ ಬೆಳೆಯಲು ಪ್ರೋತ್ಸಾಹಿಸುವುದು, ಬೆಳೆದದ್ದನ್ನು ಒಟ್ಟಾಗಿ ಮಾರುವುದು. ಈ ಎರಡನ್ನು ಒಂದೇ ಸೂರಿನಡಿ ತಂದದ್ದೇ ಅದರ ದೊಡ್ಡತನವೆಂದು ನಾವು ತಿಳಿಯುತ್ತೇವೆ. ಜವಾರಿಯಿಂದ ಆಯ್ದ 'ಧಾರವಾಡ-1', ವಿಲಾಯತಿಯಿಂದ ಆಯ್ದ 'ಗದಗ-1' ಎಂಬ ತಳಿಗಳನ್ನು ಕೃಷಿ ಇಲಾಖೆ ಬೆಳೆಸಿತ್ತು. ಶುದ್ಧ ಬೀಜ ಬಿತ್ತಿದರೂ ಪೇಟೆಯಲ್ಲಿ ಅದು ಕಲಬೆರಕೆ ಮಾಲಿನ ದರಕ್ಕೇ ಹೋದರೆ ರೈತ ಎರಡನೇ ಸಲ ಅದನ್ನು ಏಕೆ ಬಿತ್ತಬೇಕು? ಸಂಘಗಳು ಒಂದೇ ದರ್ಜೆಯ ಮಾಲನ್ನು ಬೇರೆಬೇರೆ ರಾಶಿ ಮಾಡಿ, ಎಲ್ಲರಿಗೂ ಕೇಳಿಸುವಂತೆ ಸವಾಲಿಗೆ ಇಟ್ಟವು. ದರ ಬಟ್ಟೆಯ ಕೆಳಗಿನಿಂದ ಹೊರಗೆ ಬಂತು. ಒಳ್ಳೆಯ ಮಾಲಿಗೆ ಒಳ್ಳೆಯ ದರ ಎಂಬುದು ಕಣ್ಣಿಗೆ ಕಂಡಾಗ ಒಳ್ಳೆಯ ಬೀಜ ತಾನಾಗಿ ಹರಡುತ್ತದೆ. ಭಾಷಣ ಬೇಕಾಗುವುದಿಲ್ಲ.

ನಂತರ ಕಾನೂನುಗಳೂ ಬಂದವು. ಮುಂಬಯಿ ಪ್ರಾಂತ 1927ರಲ್ಲಿ ಹತ್ತಿ ಪೇಟೆಗಳ ಕಾಯ್ದೆ ಮಾಡಿತು. ಮರುವರ್ಷ ಲಿನ್‌ಲಿತ್‌ಗೋ ಅಧ್ಯಕ್ಷತೆಯ ಕೃಷಿ ಆಯೋಗವು ನಿಯಂತ್ರಿತ ಪೇಟೆಗಳು ದೇಶಕ್ಕೆಲ್ಲ ಬೇಕೆಂದಿತು. 1939ರಲ್ಲಿ ಎಲ್ಲ ಉತ್ಪನ್ನಗಳಿಗೂ ಅನ್ವಯಿಸುವ ಕಾಯ್ದೆ ಬಂತು. ಕರ್ನಾಟಕದ ಏಕೀಕರಣದ ನಂತರ 1966ರ ಎಪಿಎಂಸಿ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ವ್ಯವಸ್ಥೆ ತಂದಿತು. ತೂಕ ಮತ್ತು ಸವಾಲಿಗೆ ನಿಯಮ ಬಂತು. ಆದರೆ ಇಲ್ಲಿಯೇ ಒಂದು ಕೊಂಡಿಯೂ ಸಡಿಲವಾಯಿತು. ಪೇಟೆ ಒಂದು ಇಲಾಖೆಯ ಕೆಲಸವಾಯಿತು, ಬೀಜ ಇನ್ನೊಂದರ ಕೆಲಸವಾಯಿತು.

ವರಲಕ್ಷ್ಮಿ ಬಂದಳು, ದರ ಇಳಿಯಿತು

ಈ ಅಗಲಿಕೆಯ ಬೆಲೆ ಎಷ್ಟೆಂಬುದು ತಿಳಿದದ್ದು 1980ರಲ್ಲಿ. ಅದಕ್ಕೆ ಎಂಟು ವರ್ಷ ಮೊದಲು, 1972ರಲ್ಲಿ, ಧಾರವಾಡದ ವಿಜ್ಞಾನಿ ಡಾ. ಬಿ. ಎಚ್. ಕತರಕಿ ಅವರು 'ವರಲಕ್ಷ್ಮಿ' ಎಂಬ ಸಂಕರಣ ಹತ್ತಿಯನ್ನು ನೀಡಿದ್ದರು. ಎರಡು ಬೇರೆ ಪ್ರಭೇದಗಳನ್ನು ಕೂಡಿಸಿ ಪಡೆದ ಉದ್ದ ಎಳೆಯ ಈ ತಳಿ ವಿಜ್ಞಾನದ ದೊಡ್ಡ ಸಾಧನೆ. ಮಲಪ್ರಭಾ ಕಾಲುವೆಯ ನೀರು ಬಂದ ನವಲಗುಂದ, ನರಗುಂದ ಸೀಮೆಯ ರೈತರು ಸಾಲ ಮಾಡಿ ಅದನ್ನು ಬಿತ್ತಿದರು. ಇಳುವರಿ ಬಂತು. ದರ ಕುಸಿಯಿತು. ಅದರ ಮೇಲೆ ನೀರಿನ ಕರ, ಅಭಿವೃದ್ಧಿ ಕರಗಳ ವಸೂಲಿ ಬೇರೆ. 1980ರ ಜುಲೈ 21ರಂದು ಸಿಡಿದ ನರಗುಂದ-ನವಲಗುಂದ ಬಂಡಾಯ, ಅಲ್ಲಿಯ ಗೋಲಿಬಾರು, ಅದರ ಬೆನ್ನಿಗೇ ರಾಜ್ಯ ರೈತ ಸಂಘದ ಹುಟ್ಟು ಇವೆಲ್ಲ ನಮಗೆ ಗೊತ್ತಿರುವ ಸಂಗತಿಗಳೇ. ಈ ಬಂಡಾಯವನ್ನು ನೀರಿನ ಕರದ ವಿರುದ್ಧದ ಹೋರಾಟವೆಂದಷ್ಟೇ ನೆನೆಯುವುದು ರೂಢಿ. ಆದರೆ ಕರ ಕಟ್ಟುವ ಶಕ್ತಿಯನ್ನು ಕಿತ್ತುಕೊಂಡದ್ದು ಹತ್ತಿಯ ದರ ಎಂಬುದನ್ನು ಮರೆಯಬಾರದು. ಬೀಜ ಸೋತಿರಲಿಲ್ಲ. ಮಾರಾಟ ಸೋತಿತ್ತು.

1981ರಲ್ಲಿ ಕತರಕಿಯವರದೇ 'ಜಯಲಕ್ಷ್ಮಿ' ತಳಿ ಬಂತು. 1986ರ ಅಕ್ಟೋಬರ್ 1ರಂದು ಧಾರವಾಡಕ್ಕೆ ತನ್ನದೇ ಕೃಷಿ ವಿಶ್ವವಿದ್ಯಾಲಯವಾಯಿತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಬೀಜದ ಮಾತು ಬಹುಪಾಲು ಕಂಪನಿಗಳ ಕೈಗೆ ಹೋಯಿತು.

ಮೇಳದಲ್ಲಿ ಕೊಳ್ಳುವವರೆಲ್ಲಿ?

ಕೃಷಿ ಮೇಳ ಬೇಡವೆಂದು ನಾವು ಹೇಳುತ್ತಿಲ್ಲ. ವಿಜ್ಞಾನಿ ಮತ್ತು ರೈತ ಮುಖಾಮುಖಿಯಾಗುವ ಜಾಗ ಅದು. ಒಬ್ಬ ರೈತ ಇನ್ನೊಬ್ಬ ರೈತನನ್ನು ಕೇಳಿ ತಿಳಿಯುವ ಜಾಗವೂ ಹೌದು. ರೊಟ್ಟಿ, ಚಟ್ನಿಪುಡಿ ಮಾರುವ ಮಹಿಳಾ ಸಂಘಗಳಿಗೆ ಅಲ್ಲಿ ಗಿರಾಕಿಗಳು ಸಿಗುತ್ತಾರೆ. ಆದರೆ ಮಳಿಗೆಗಳ ಸಾಲಿನಲ್ಲಿ ನಡೆಯುತ್ತ ಹೋದರೆ ಒಂದು ಪ್ರಶ್ನೆ ಏಳುತ್ತದೆ. ಇಲ್ಲಿ ರೈತನಿಗೆ ಮಾರುವವರೇ ಹೆಚ್ಚಲ್ಲವೇ? ರೈತನಿಂದ ಕೊಳ್ಳಲು ಬಂದವರೆಷ್ಟು? ಬೀಜದ ಚೀಲದ ಮೇಲೆ ದರ ಅಚ್ಚಾಗಿರುತ್ತದೆ. ಗೊಬ್ಬರದ ಚೀಲದ ಮೇಲೂ ಇರುತ್ತದೆ. ರೈತ ತುಂಬಿ ತರುವ ಅಂಡಗಿಯ ಮೇಲೆ ಮಾತ್ರ ದರ ಬರೆಯುವವನು ಬೇರೆಯವನು.

ಹೊಸ ಪ್ರಯತ್ನಗಳು ನಡೆದಿಲ್ಲವೆಂದಲ್ಲ. 2014ರಲ್ಲಿ ಕರ್ನಾಟಕ ತನ್ನ ಪೇಟೆಗಳನ್ನು ಕಂಪ್ಯೂಟರ್ ಜಾಲದಲ್ಲಿ ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಶುರುಮಾಡಿತು. 2016ರಲ್ಲಿ ಕೇಂದ್ರದ ಇ-ನಾಮ್ ಬಂತು. 2020ರಲ್ಲಿ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ಘೋಷಣೆಯಾಯಿತು. ಅದೇ ವರ್ಷ ಬಂದ ಮೂರು ಕೃಷಿ ಕಾಯ್ದೆಗಳು ರೈತರ ದೀರ್ಘ ಹೋರಾಟದ ನಂತರ 2021ರಲ್ಲಿ ರದ್ದಾದವು. ಆದರೆ 2024ರ ಮಾರ್ಚ್‌ನಲ್ಲಿ, ಹಿಂದೆ ಧಾರವಾಡ ಜಿಲ್ಲೆಗೇ ಸೇರಿದ್ದ ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ದರ ಕುಸಿದಾಗ, ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಕಂಪ್ಯೂಟರ್ ಪರದೆಯ ಮೇಲೆ ದರ ಕಂಡ ಮಾತ್ರಕ್ಕೆ ಆ ದರದ ಮೇಲೆ ಬೆಳೆದವನಿಗೆ ನಂಬಿಕೆ ಬರುವುದಿಲ್ಲ ಎಂಬುದನ್ನು ಬ್ಯಾಡಗಿ ತೋರಿಸಿಕೊಟ್ಟಿತು. ಮಾಲನ್ನು ಒಬ್ಬೊಬ್ಬನಾಗಿ ತಂದು, ಸಂಜೆಯೊಳಗೆ ಮಾರಿ ಹೋಗಲೇಬೇಕಾದವನಿಗೆ ದರ ಕಂಡರೂ ಅಷ್ಟೇ, ಕಾಣದಿದ್ದರೂ ಅಷ್ಟೇ.

ಇಂದಿನ ರೈತ ಉತ್ಪಾದಕ ಸಂಸ್ಥೆಗಳು 1915ರ ಹುಬ್ಬಳ್ಳಿ ಸಂಘದ ಮೊಮ್ಮಕ್ಕಳು. ಅವು ಬೀಜ, ಗೊಬ್ಬರ ಮಾರುವ ಇನ್ನೊಂದು ಅಂಗಡಿಯಾಗಿ ಉಳಿದರೆ ಅಜ್ಜನ ಆಸ್ತಿ ಕಳೆದಂತೆ. ಮಾಲನ್ನು ದರ್ಜೆ ಮಾಡಿ, ಒಟ್ಟುಗೂಡಿಸಿ, ನಾಲ್ಕು ದಿನ ಕಾಯುವ ತಾಕತ್ತನ್ನು ಬೆಳೆದವನಿಗೆ ಕೊಟ್ಟರೆ ಮಾತ್ರ ಅವುಗಳಿಗೆ ಅರ್ಥವಿದೆ. ಧಾರವಾಡದ ಮೇಳದಲ್ಲಿ ಬೀಜದ ಮಳಿಗೆಯ ಪಕ್ಕದಲ್ಲಿ ಆ ಬೆಳೆಯನ್ನು ಕೊಳ್ಳುವ ಮಿಲ್ಲಿನವರ, ವ್ಯಾಪಾರಿಗಳ ಮಳಿಗೆಯೂ ಇರಲಿ. ಯಾವ ದರ್ಜೆಗೆ ಯಾವ ದರ, ಎಷ್ಟು ಮಾಲು ಬೇಕು ಎಂಬುದನ್ನು ಅವರು ರೈತರ ಗುಂಪಿನ ಎದುರು ನಿಂತು ಹೇಳಲಿ. ಇದು ಹೊಸ ಕನಸೇನಲ್ಲ. ನೂರು ವರ್ಷಗಳ ಹಿಂದೆ ಹುಬ್ಬಳ್ಳಿಯ ರೈತರು ಮಾಡಿ ತೋರಿಸಿದ ಕೆಲಸವನ್ನೇ ನಾವು ಮತ್ತೆ ಕೇಳುತ್ತಿದ್ದೇವೆ.