ಅಂಬಾಸಿಡರ್ ಮೀಟರಿಗೆ ಕೊಬ್ಬರಿ ಎಣ್ಣೆ ಬೇಡ

ನಮ್ಮ ಅಮ್ಮಸಂದ್ರ, ತುರುವೇಕೆರೆ, ತಿಪಟೂರು ಕಡೆ ಏನು ಕಿರುಗುಟ್ಟಿದರೂ ಮೊದಲು ನೆನಪಾಗುವುದು ಕೊಬ್ಬರಿ ಎಣ್ಣೆ. ಬಾಗಿಲ ಕೀಲಿಗೆ ಅದು ನಡೆದೀತು. ಹಳೆಯ ಅಂಬಾಸಿಡರ್ ಕಾರಿನ ಸ್ಪೀಡೋಮೀಟರಿಗೆ ನಡೆಯದು. ಏಕೆ ಎನ್ನುವುದು ಆ ಮೀಟರಿನ ಚರಿತ್ರೆಯಲ್ಲೇ ಇದೆ.

1902ರಲ್ಲಿ ಸ್ಟ್ರಾಸ್‌ಬರ್ಗ್ ನಗರದ ಓಟೋ ಶುಲ್ಜೆ ಇದಕ್ಕೆ ಪೇಟೆಂಟ್ ಪಡೆದರು. ಗೇರ್ ಬಾಕ್ಸಿನಿಂದ ಬರುವ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಪಕ್ಕದಲ್ಲೇ ಅಲ್ಯೂಮಿನಿಯಂ ಬಟ್ಟಲು, ಒಂದಕ್ಕೊಂದು ತಾಗುವುದಿಲ್ಲ. ತಿರುಗುವ ಅಯಸ್ಕಾಂತ ಬಟ್ಟಲಿನಲ್ಲಿ ವಿದ್ಯುತ್ ಸುಳಿ ಎಬ್ಬಿಸಿ ಅದನ್ನು ಎಳೆಯುತ್ತದೆ, ಕೂದಲೆಳೆಯಂಥ ಸ್ಪ್ರಿಂಗ್ ಹಿಂದಕ್ಕೆ ಜಗ್ಗುತ್ತದೆ. ಎರಡೂ ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಹಿಂದೂಸ್ತಾನ್ ಮೋಟಾರ್ಸ್ 1950ರ ದಶಕದ ಕೊನೆಗೆ ಅಂಬಾಸಿಡರ್ ತಂದಾಗ ಅದರಲ್ಲೂ ಇದೇ ತತ್ವ. ಆಗ ದೇಶ ಮೈಲಿ ಬಿಟ್ಟು ಕಿಲೋಮೀಟರಿಗೆ ಹೊರಳುತ್ತಿತ್ತು. 1956ರಲ್ಲಿ ಅದಕ್ಕೆ ಕಾನೂನಾಗಿತ್ತು. ಕಿಲೋಮೀಟರ್ ಕಲ್ಲನ್ನು ನಾವು ಇಂದಿಗೂ ಮೈಲಿಗಲ್ಲು ಅನ್ನುತ್ತೇವೆ. ಬಾಡಿಗೆ ಕಾರಿನವರಿಗೆ ಮೀಟರಿನ ಅಂಕಿಯೇ ಅನ್ನ. ಅದು ನಿಂತರೆ ಗಿರಾಕಿಯೊಡನೆ ಜಗಳ, ಕಾರು ಮಾರುವಾಗ ಅನುಮಾನ.

ಕೆಟ್ಟರೆ ಹೀಗೆ ನೋಡಿ. ಮುಳ್ಳೂ ಅಂಕಿಯೂ ಎರಡೂ ನಿಂತಿದ್ದರೆ ಬಹುಪಾಲು ಕೇಬಲ್ ತುಂಡಾಗಿದೆ ಅಥವಾ ಕಳಚಿದೆ. ಅಂಕಿ ಓಡುತ್ತ ಮುಳ್ಳು ಮಾತ್ರ ಸತ್ತಿದ್ದರೆ ದೋಷ ಮೀಟರಿನೊಳಗೆ. ಮುಳ್ಳು ಕುಣಿಯುತ್ತಿದ್ದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಮಡಚಿದೆ.

ಒಳ ಕೇಬಲ್ ಹೊರಗೆಳೆದು ಸೀಮೆಎಣ್ಣೆಯಲ್ಲಿ ಒರೆಸಿ. ಒಣಗಿದ ಮೇಲೆ ಕೆಳಭಾಗಕ್ಕೆ ತೆಳ್ಳಗೆ ಗ್ರೀಸ್ ಸವರಿ. ಮೀಟರ್ ಕಡೆಯ ಒಂದು ಗೇಣು ಹಾಗೇ ಬಿಡಿ. ಗ್ರೀಸ್ ಹೆಚ್ಚಾದರೆ ತಿರುಗುವ ಕೇಬಲ್ ಜೊತೆಯಲ್ಲೇ ಮೇಲೇರಿ ಮೀಟರಿನೊಳಗೆ ಸೇರುತ್ತದೆ, ಬಟ್ಟಲು ಅಂಟುತ್ತದೆ. ಮೀಟರಿನ ಹಿಂಬದಿ ಅಕ್ಷ ಕೀಚುಗುಟ್ಟಿದರೆ ಗಡಿಯಾರದ ಎಣ್ಣೆ ಒಂದೇ ಹನಿ ಸಾಕು. ಬಟ್ಟಲು, ಸ್ಪ್ರಿಂಗ್ ಮುಟ್ಟಲೇಬೇಡಿ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಗ್ಗೆ ಸೀಸೆಯಲ್ಲಿ ಅದು ಬೆಳ್ಳಗೆ ಗಟ್ಟಿಯಾಗಿರುವುದನ್ನು ಎಲ್ಲರೂ ಕಂಡಿದ್ದೇವೆ. ಮೀಟರಿನೊಳಗೂ ಅದೇ ಗತಿ; ಹಳತಾದರೆ ಜಿಗುಟು ಬೇರೆ.

2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಉಳಿದ ಮೀಟರುಗಳೇ ನಮಗೆ ಗತಿ. ಬಿಸಾಡುವ ಮುನ್ನ ಒಮ್ಮೆ ಕೇಬಲ್ ಬಿಚ್ಚಿ ನೋಡಿ.