ಮದ್ದಿನಮನೆಯಿಂದ ಬೀಗದ ಪೆಟ್ಟಿಗೆಗೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಮನೆಯ ಆಯುಧದ ಚರಿತ್ರೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳು ಇಂದು ದಾವಣಗೆರೆ ಜಿಲ್ಲೆಯಲ್ಲಿ ಒಟ್ಟಿಗೆ ಇವೆಯಾದರೂ ಅವುಗಳ ಚರಿತ್ರೆ ಒಂದೇ ಮೂಲದ್ದಲ್ಲ. 1997ರಲ್ಲಿ ಜಿಲ್ಲೆ ರಚನೆಯಾಗುವವರೆಗೆ ಮೊದಲಿನ ಎರಡು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ತೀರ ಇತ್ತೀಚಿನ ಸಂಗತಿ. ಮಲೆನಾಡಿನ ಅಂಚು, ತುಂಗಭದ್ರೆಯ ದಡ, ದುರ್ಗದ ಬಯಲು ಈ ಮೂರೂ ಕೂಡುವ ಈ ಸೀಮೆಯ ಕೋಟೆಗಳನ್ನು ಕುರಿತು, ಪಾಳೆಯಗಾರರನ್ನು ಕುರಿತು ಸಾಕಷ್ಟು ಬರಹಗಳು ಬಂದಿವೆ. ಆದರೆ ಕೋಟೆಯ ಹೊರಗೆ, ಸಾಮಾನ್ಯ ಒಕ್ಕಲಿನ ಮನೆಯೊಳಗೆ ಇದ್ದ ಆಯುಧ ಯಾವುದು, ಅದನ್ನು ಎಲ್ಲಿ, ಹೇಗೆ, ಯಾರ ವಶದಲ್ಲಿ ಇರಿಸುತ್ತಿದ್ದರು ಎಂಬ ಪ್ರಶ್ನೆಯನ್ನು ನಮ್ಮ ಇತಿಹಾಸಕಾರರು ಅಷ್ಟಾಗಿ ಎತ್ತಿಕೊಂಡಿಲ್ಲ. ಕುಟುಂಬದ ರಕ್ಷಣೆಗೆಂದು ಪಿಸ್ತೂಲು, ರಿವಾಲ್ವರ್‌ಗಳಿಗೆ ಅರ್ಜಿ ಸಲ್ಲಿಸುವವರಿರುವ ಇಂದಿನ ದಿನಗಳಲ್ಲಿ ಆ ಪ್ರಶ್ನೆ ಬರಿಯ ಹಳೆಯ ಕುತೂಹಲವಾಗಿ ಉಳಿದಿಲ್ಲ.

ಕನ್ನಡನಾಡಿನ ಯುದ್ಧರಂಗದಲ್ಲಿ ಬಂದೂಕಿನ ಮಹತ್ವ ಎದ್ದು ಕಂಡದ್ದು 1520ರ ರಾಯಚೂರು ಮುತ್ತಿಗೆಯಲ್ಲಿ. ಕೃಷ್ಣದೇವರಾಯನ ಪಕ್ಷದಲ್ಲಿದ್ದ ಪೋರ್ಚುಗೀಸ್ ಬಂದೂಕುಗಾರರು ಕೋಟೆಯ ಗೋಡೆಯ ಮೇಲಿದ್ದವರನ್ನು ಗುರಿಯಿಟ್ಟು ಕೆಡವಿದ್ದು ಪ್ರಸಿದ್ಧವಾದ ವಿಷಯ. ಅಲ್ಲಿಂದ ಮುಂದೆ ನಾಯಕರ, ಪಾಳೆಯಗಾರರ ಕೋಟೆಗಳಲ್ಲೆಲ್ಲ ಮದ್ದಿನಮನೆ ಅನಿವಾರ್ಯವಾದ ಒಂದು ಅಂಗವಾಯಿತು. ಕೆಳದಿಯ ಚೆನ್ನಮ್ಮಾಜಿಯ ಹೆಸರನ್ನು ಹೊತ್ತ ಚನ್ನಗಿರಿಯ ಗುಡ್ಡದ ಕೋಟೆಯಾಗಲಿ, ತರೀಕೆರೆಯ ಮನೆತನದ ಮೂಲ ನೆಲೆಯೆನಿಸಿದ ಬಸವಾಪಟ್ಟಣವಾಗಲಿ ಈ ವ್ಯವಸ್ಥೆಗೆ ಹೊರತಾಗಿರಲಾರವು. ಮದ್ದಿನಮನೆಯ ತತ್ತ್ವ ಸರಳವಾದುದು: ಕೋವಿ ಒಂದೆಡೆ, ಮದ್ದು ಇನ್ನೊಂದೆಡೆ, ಬೆಂಕಿ ಇವೆರಡರಿಂದಲೂ ದೂರ. ಈ ಮೂರನ್ನೂ ಒಂದೇ ಕಡೆ ತರುವ ಅಧಿಕಾರ ಮಾತ್ರ ಕಿಲ್ಲೇದಾರನದು.

ಗಮನಿಸಬೇಕಾದುದೆಂದರೆ ಇದೇ ತತ್ತ್ವ ಮನೆಯೊಳಗೂ ನಡೆಯುತ್ತಿತ್ತು. ಅಲ್ಲಿ ಅದನ್ನು ನಡೆಸುತ್ತಿದ್ದುದು ಆಜ್ಞೆಯಲ್ಲ, ಆಯುಧದ ರಚನೆಯೇ. ಮೈಸೂರು ಸಂಸ್ಥಾನದ ಕಂದಾಚಾರದ ಸಿಪಾಯಿ ಪೂರ್ಣಾವಧಿಯ ಸೈನಿಕನಲ್ಲ. ಕರೆ ಬಂದಾಗ ಆಯುಧ ಹಿಡಿದು ಹೊರಡುವ, ಉಳಿದಂತೆ ತನ್ನ ಊರಲ್ಲಿ ಆರಂಭ ಮಾಡಿಕೊಂಡಿರುವ ಒಕ್ಕಲಿಗ. ಆದುದರಿಂದ ಅವನ ಆಯುಧಕ್ಕೂ ಅವನ ಮನೆಯೇ ನೆಲೆ. ಆ ಕಾಲದ ಉರಿಬತ್ತಿಯ ಕೋವಿಯನ್ನು ಹಾರಿಸಬೇಕಾದರೆ ನಳಿಗೆಗೆ ಮದ್ದು ಸುರಿದು, ಗುಂಡನ್ನಿಳಿಸಿ, ಸಲಾಕೆಯಿಂದ ದಟ್ಟಿಸಿ, ಕಿವಿಗೆ ಸಣ್ಣ ಮದ್ದನ್ನಿಟ್ಟು, ಬತ್ತಿಗೆ ಕಿಡಿ ತಾಗಿಸಬೇಕು. ಮದ್ದಿಗೆ ತೇವ ತಾಗಬಾರದು, ಒಲೆಯ ಕಿಡಿಯೂ ತಾಗಬಾರದು. ಹೀಗಾಗಿ ಕೋವಿ ತೊಲೆಗೋ ಗೋಡೆಯ ಗೂಟಕ್ಕೋ ತೂಗಿಕೊಂಡಿದ್ದರೂ ಮದ್ದು ಬೇರೆಯೇ ಕಡೆ ಇರಬೇಕಾಗುತ್ತಿತ್ತು. ಸಿಟ್ಟು ಬಂದ ಗಳಿಗೆಗೂ ಈಡು ಹಾರುವ ಗಳಿಗೆಗೂ ನಡುವೆ ಒಂದು ಬಿಡುವು ತಾನಾಗಿ ಏರ್ಪಡುತ್ತಿತ್ತು. ಕೈಗೆಟುಕಿದ ಕೋವಿಯಿಂದ ಮಗುವೊಂದು ಆಡಿದರೂ ಉರಿಯುವ ಬತ್ತಿಯಿಲ್ಲದೆ ಅದು ಕಬ್ಬಿಣ ಮರಗಳ ಜೋಡಣೆಯಷ್ಟೇ. ಮುಂದಿನ ಕಾಲದ ಬದಲಾವಣೆಗಳನ್ನೆಲ್ಲ ಈ ಬಿಡುವು ಹಂತ ಹಂತವಾಗಿ ಅಳಿದುಹೋದ ಕಥೆಯಾಗಿ ಓದಬಹುದೆಂಬುದು ಈ ಲೇಖಕನ ಅಭಿಪ್ರಾಯ.

ಸೈನ್ಯವೊಂದು ಚದುರಿದಾಗ ಆಯುಧಗಳು ಎಲ್ಲಿ ಹೋಗುತ್ತವೆ ಎಂಬುದಕ್ಕೆ ಈ ಸೀಮೆಯೇ ಉದಾಹರಣೆ ಒದಗಿಸುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಬಿಡುಗಡೆಯಾದ ಧೋಂಡಿಯಾ ವಾಘ್ ಚನ್ನಗಿರಿಯಲ್ಲಿ ಹುಟ್ಟಿದವನು. ಟಿಪ್ಪುವಿನ ಸೈನ್ಯದಿಂದ ಚದುರಿ ಹೋಗಿದ್ದವರನ್ನು ಕೂಡಿಸಿಕೊಂಡು ಅವನು ಬಿದನೂರು ಸೀಮೆಯನ್ನು ನಡುಗಿಸಿದನು. 1800ರ ಸೆಪ್ಟೆಂಬರಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯದೆದುರು ಮಡಿದನು. ಮೂರು ದಶಕಗಳ ಬಳಿಕ 1830-31ರಲ್ಲಿ ನಗರದ ದಂಗೆಯೆದ್ದಿತು. ಕಂದಾಯದ ಕಿರುಕುಳದಿಂದ ಬೇಸತ್ತ ರೈತರು ಕೂಟ ಸೇರಿ ಬೂದಿ ಬಸವಪ್ಪನನ್ನು ನಗರದ ಅರಸನೆಂದು ಒಪ್ಪಿಕೊಂಡರು. ಅವನ ಹೆಸರಿನೊಡನೆ ತಳುಕು ಹಾಕಿಕೊಂಡಿರುವ ಚಿನ್ನಿಕಟ್ಟೆ ಹಿಂದಿನ ಹೊನ್ನಾಳಿ ತಾಲ್ಲೂಕಿನ ಊರು. ತರೀಕೆರೆಯ ಪಾಳೆಯಗಾರರೂ ಕೂಡಿಕೊಂಡ ಈ ದಂಗೆಯಲ್ಲಿ ಹೊನ್ನಾಳಿಯ ಸೀಮೆ ಹೋರಾಟದ ಕಣವಾಯಿತು. ಇದರ ಫಲವಾಗಿ 1831ರಲ್ಲಿ ಸಂಸ್ಥಾನದ ಆಡಳಿತ ಬ್ರಿಟಿಷರ ಕೈಸೇರಿತೆಂಬುದು ಸರ್ವವಿದಿತ. ಒಕ್ಕಲಿನ ಮನೆಯ ಕೋವಿ ಬೆಳೆಯನ್ನೂ ಬಾಗಿಲನ್ನೂ ಕಾಯುವ ಸಾಧನವಷ್ಟೇ ಅಲ್ಲ, ರಾಜ್ಯವನ್ನೇ ಅಲುಗಿಸಬಲ್ಲ ವಸ್ತು ಎಂಬ ಅರಿವು ಆಳುವವರಿಗೆ ಗಟ್ಟಿಯಾದದ್ದು ಇಂತಹ ಪ್ರಸಂಗಗಳಿಂದಲೇ.

ಆ ಅರಿವು ಕಾನೂನಿನ ರೂಪ ತಳೆದದ್ದು 1857ರಲ್ಲಿ. ಆ ವರ್ಷದ ನಿಶ್ಶಸ್ತ್ರೀಕರಣ ಶಾಸನದ ಬಿಸಿ ಕನ್ನಡನಾಡಿನಲ್ಲಿ ಹೆಚ್ಚು ತಟ್ಟಿದ್ದು ನಮ್ಮ ಸೀಮೆಗಲ್ಲ, ಮುಧೋಳ ಸಂಸ್ಥಾನದ ಹಲಗಲಿಗೆ. ತಮ್ಮ ಹತಾರಗಳನ್ನು ಒಪ್ಪಿಸಲಾರೆವೆಂದ ಅಲ್ಲಿನ ಬೇಡರ ಮೇಲೆ ನವೆಂಬರಿನಲ್ಲಿ ಸೈನ್ಯ ನುಗ್ಗಿತು. ಊರಿಗೆ ಬೆಂಕಿ ಬಿದ್ದಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಈ ಪ್ರಸಂಗವನ್ನು ಕುರಿತ ಲಾವಣಿಯನ್ನು ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದುದರಿಂದ ಅದು ವಿದ್ವಾಂಸರ ಗಮನಕ್ಕೂ ಬಂದಿತು. ಬೇಡರಿಗೆ ಹತಾರವೆಂಬುದು ಕಸುಬು, ಮಾನ ಎರಡೂ ಆಗಿತ್ತೆಂಬುದನ್ನು ಮರೆತು ಆ ಪ್ರತಿಭಟನೆಯನ್ನು ಬರಿಯ ಹಟವೆಂದು ಕರೆಯುವುದು ತಪ್ಪಾದೀತು. 1878ರ ಆಯುಧ ಕಾಯಿದೆ ಇದೇ ನೀತಿಯನ್ನು ಬ್ರಿಟಿಷ್ ಇಂಡಿಯಾದಲ್ಲಿ ನೆಲೆಗೊಳಿಸಿತು. ಕೊಡಗಿನವರಿಗೆ ದೊರೆತ ವಿನಾಯಿತಿ ಇದಕ್ಕೆ ಅಪವಾದ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿದಿದೆ; 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಆ ನಾಡಿನ ಸಂಪ್ರದಾಯವನ್ನು ನಮ್ಮ ಸೀಮೆಯ ಆಯುಧಪೂಜೆಗೆ ಹೋಲಿಸಬಹುದು. ಆದರೆ ಇಲ್ಲಿ ಪೂಜೆಗೊಳ್ಳುವ ಕೋವಿಯ ಹಿಂದೆ ಯಾವಾಗಲೂ ಒಂದು ಪರವಾನಗಿ ಪುಸ್ತಕವಿರಬೇಕು.

ಸ್ವತಂತ್ರ ಭಾರತದ ಆಯುಧ ಅಧಿನಿಯಮ 1959ರದು. ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ಇದರ 13ನೆಯ ಕಲಮು ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ರಕ್ಷಣೆಗೆ ಅಥವಾ ಕ್ರೀಡೆಗೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯುಳ್ಳ ನಯನಳಿಗೆಯ ಬಂದೂಕು, ಬೆಳೆಯ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿ, ಇವೆರಡನ್ನೂ ಕಾಯಿದೆ ಒಂದು ಬಗೆಯಾಗಿ ಕಾಣುತ್ತದೆ. ಉಳಿದವುಗಳಿಗೆ, ಎಂದರೆ ಪಿಸ್ತೂಲು ರಿವಾಲ್ವರ್‌ಗಳಿಗೆ ಸಹ, ಸಕಾರಣವಿದೆಯೆಂದು ಪರವಾನಗಿ ಕೊಡುವ ಅಧಿಕಾರಿಗೆ ಮನವರಿಕೆಯಾಗಬೇಕು. ಉದ್ದ ನಳಿಗೆಯ ಕೋವಿಯನ್ನು ಮರೆಮಾಡಿ ಒಯ್ಯಲಾಗದು. ಕಿರುನಳಿಗೆಯದು ಅಂಗಿಯೊಳಗೆ ಅಡಗುತ್ತದೆ. ಶಾಸಕರ ಮನಸ್ಸಿನಲ್ಲಿ ಈ ವ್ಯತ್ಯಾಸವಿದ್ದಿತೆನ್ನಲು ಅಡ್ಡಿಯಿಲ್ಲ. ಕನ್ನಡ ನುಡಿಯೂ ಇದನ್ನು ಬಲ್ಲದು. ಕೋವಿ ನಮ್ಮದಾಗಿದೆ, ತುರ್ಕಿ ಮೂಲದ ತುಪಾಕಿಯೂ ನಮ್ಮದಾಗಿದೆ. ಪಿಸ್ತೂಲು, ರಿವಾಲ್ವರ್‌ಗಳಿಗೆ ಮಾತ್ರ ಊರಿನ ಬಳಕೆಯಲ್ಲಿ ಬೇರೊಂದು ಹೆಸರು ನೆಲೆಯೂರಲಿಲ್ಲ.

ಈ ನಾಲ್ಕು ತಾಲ್ಲೂಕುಗಳಲ್ಲಿ ಪರವಾನಗಿಯ ಪ್ರಶ್ನೆ ಒಂದೇ ತೆರನಾದುದಲ್ಲ. ಚನ್ನಗಿರಿಯ ಅಡಿಕೆ ತೋಟದವನಿಗೂ ನ್ಯಾಮತಿಯ ಮೆಕ್ಕೆಜೋಳದ ಹೊಲದವನಿಗೂ ಕಾಡುಹಂದಿ, ಮಂಗಗಳ ಕಾಟವೇ ದೊಡ್ಡದು; ಅವರಿಗೆ ಬೇಕಾದುದು ಸದ್ದು ಮಾಡಿ ಓಡಿಸುವ ಕೋವಿ. ಜಗಳೂರಿನಲ್ಲಿ ಇನ್ನೊಂದು ತೊಡಕಿದೆ. 2011ರಲ್ಲಿ ಅಲ್ಲಿನ ರಂಗಯ್ಯನದುರ್ಗದ ಕಾಡನ್ನು ಕೊಂಡುಕುರಿ ವನ್ಯಧಾಮವೆಂದು ಘೋಷಿಸಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 34ನೆಯ ಕಲಮಿನಂತೆ ವನ್ಯಧಾಮದ 10 ಕಿಲೋಮೀಟರ್ ಒಳಗೆ ವಾಸಿಸುವ ಪರವಾನಗಿದಾರರು ತಮ್ಮ ಹೆಸರನ್ನು ನೋಂದಾಯಿಸಬೇಕು. ಅಷ್ಟು ದೂರದೊಳಗೆ ಹೊಸ ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. ದುರ್ಗದ ನಾಯಕರ ಕಾಲದಲ್ಲಿ ಬೇಟೆಯ ನೆಲವಾಗಿದ್ದಿರಬಹುದಾದ ಸೀಮೆಯಲ್ಲಿ ಇಂದು ಮನೆಯ ಕೋವಿಯ ಲೆಕ್ಕವನ್ನು ಅರಣ್ಯ ಇಲಾಖೆಯೂ ಇಡಬೇಕಾಗಿದೆ.

ಇನ್ನು ಮನೆಯ ರಕ್ಷಣೆಗೆಂದು ಕಿರುನಳಿಗೆಯ ಆಯುಧವನ್ನೇ ಬಯಸುವವರ ವಿಚಾರ. ಭಾರತದಲ್ಲಿ ಸಾಮಾನ್ಯ ನಾಗರಿಕನಿಗೆ ದೊರಕುವುದು ನಿಷೇಧಿತವಲ್ಲದ ಅಳತೆಯ ಆಯುಧ ಮಾತ್ರ. ಸರ್ಕಾರಿ ಆಯುಧ ಕಾರ್ಖಾನೆಗಳ .32 ಅಳತೆಯ ರಿವಾಲ್ವರ್ ಇವುಗಳಲ್ಲಿ ಪರಿಚಿತವಾದುದು. 2014ರಲ್ಲಿ ಕಾನ್ಪುರದ ಕಾರ್ಖಾನೆ ಮಹಿಳೆಯರನ್ನು ಉದ್ದೇಶಿಸಿ ಸುಮಾರು ಅರ್ಧ ಕಿಲೋಗ್ರಾಂ ತೂಕದ 'ನಿರ್ಭೀಕ್' ಎಂಬ ರಿವಾಲ್ವರನ್ನು ಹೊರತಂದುದು ಸುದ್ದಿಯಾಗಿತ್ತು. ರಿವಾಲ್ವರಿಗೂ ಪಿಸ್ತೂಲಿಗೂ ಮನೆಯ ದೃಷ್ಟಿಯಿಂದ ಒಂದು ಮುಖ್ಯ ಅಂತರವಿದೆ. ರಿವಾಲ್ವರಿನ ಉರುಳೆಯನ್ನು ಹೊರಗೆಳೆದರೆ ತೋಟಾಗಳಿವೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಪಿಸ್ತೂಲಿನಲ್ಲಿ ತೋಟಾಕೋಶವನ್ನು ತೆಗೆದ ಮೇಲೂ ನಳಿಗೆಯ ಬುಡದಲ್ಲಿ ಒಂದು ತೋಟಾ ಉಳಿದಿರಬಹುದು. ಖಾಲಿಯೆಂದು ಭಾವಿಸಿದ ಆಯುಧದಿಂದ ಪ್ರಾಣಹಾನಿಯಾಗುವ ದುರಂತಗಳ ಮೂಲ ಅನೇಕ ವೇಳೆ ಇಲ್ಲಿಯೇ. ಆದರೆ ಎರಡರಲ್ಲೂ ಹಿಂದಿನ ಆ ಬಿಡುವಿಲ್ಲ. ಮದ್ದು, ಗುಂಡು, ಬೆಂಕಿ ಮೂರೂ ಒಂದೇ ತೋಟಾದೊಳಗೆ ಅಡಕವಾಗಿವೆ; ಒಂದು ಬೆರಳಿನ ಒತ್ತಡ ಸಾಕು, ಅದು ಯಾರ ಬೆರಳಾದರೂ ಸರಿ.

ಆದುದರಿಂದ ರಚನೆಯಿಂದಲೇ ಒದಗುತ್ತಿದ್ದ ಬಿಡುವನ್ನು ಈಗ ಬೀಗದಿಂದ ಮರಳಿ ಕಟ್ಟಬೇಕಾಗಿದೆ. 2016ರ ಆಯುಧ ನಿಯಮಗಳು ಅರ್ಜಿದಾರನಿಗೆ ಸುರಕ್ಷತೆಯ ತರಬೇತಿಯನ್ನು ವಿಧಿಸಿದುದರ, ಆಯುಧವನ್ನು ಭದ್ರವಾಗಿ ಇರಿಸುವ ವಿಷಯವನ್ನು ಎತ್ತಿದುದರ ಹಿನ್ನೆಲೆಯನ್ನು ಹೀಗೆ ಅರ್ಥಮಾಡಿಕೊಳ್ಳಬಹುದು. ಆಯುಧವನ್ನು ತೋಟಾ ತೆಗೆದು, ಗೋಡೆಗೋ ನೆಲಕ್ಕೋ ಬಿಗಿದ ಉಕ್ಕಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುವುದು; ತೋಟಾಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ; ಬೀಗದಕೈ ಪರವಾನಗಿದಾರನಲ್ಲದೆ ಬೇರೆಯವರಿಗೆ ಎಟುಕದಂತಿರುವುದು. ಇದು ಮದ್ದಿನಮನೆಯ ಹಳೆಯ ತತ್ತ್ವವೇ. ತಲೆದಿಂಬಿನ ಕೆಳಗೆ, ಬಟ್ಟೆಯ ಬೀರುವಿನಲ್ಲಿ, ದೇವರ ಕೋಣೆಯ ಮೂಲೆಯಲ್ಲಿ ಇಡುವುದನ್ನು ಭದ್ರತೆಯೆನ್ನಲಾಗದು. ಮಕ್ಕಳು ಮೊದಲು ಹುಡುಕುವ ಸ್ಥಳಗಳೇ ಅವು. ಕಳ್ಳ ಬಂದಾಗ ಬೀಗ ತೆಗೆಯುವುದರಲ್ಲಿ ಹೊತ್ತು ಹೋದೀತೆಂಬ ಆಕ್ಷೇಪಣೆ ಸಹಜವಾದುದು, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಕಳ್ಳ ಎಂದೋ ಒಂದು ದಿನ ಬಂದಾನು, ಬಾರದೆಯೂ ಇದ್ದಾನು. ಮಕ್ಕಳು, ಕುಡಿತ, ಸಾಲದ ಚಿಂತೆ, ಅಣ್ಣತಮ್ಮಂದಿರ ವ್ಯಾಜ್ಯ ಇವು ಮನೆಯಲ್ಲಿ ದಿನವೂ ಇರುವಂತಹವು. ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 1993ರಲ್ಲಿ ಪ್ರಕಟವಾದ ಕೆಲ್ಲರ್‌ಮನ್ ಮತ್ತು ಸಂಗಡಿಗರ ಅಧ್ಯಯನ ಮನೆಯಲ್ಲಿ ಬಂದೂಕಿರುವುದಕ್ಕೂ ಆ ಮನೆಯಲ್ಲಿ ಕೊಲೆ ನಡೆಯುವ ಹೆಚ್ಚಿನ ಸಂಭವಕ್ಕೂ ನಂಟಿದೆಯೆಂದು ತೋರಿಸಿತು. ಕೊಂದವರು ಬಹುಪಾಲು ಮನೆಯವರೋ ಪರಿಚಿತರೋ ಆಗಿದ್ದರು. ಆ ಸಮಾಜ ಬೇರೆ, ನಮ್ಮದು ಬೇರೆ ಎಂಬ ಎಚ್ಚರದೊಡನೆಯೇ ಇದನ್ನು ಓದಬೇಕು. ಹಾಗೆಂದು ಕೀಟನಾಶಕದ ಡಬ್ಬಿಯನ್ನು ಬೀಗದೊಳಗಿಡಿ ಎಂದು ರೈತನ ಮನೆಗೆ ಹೇಳುವ ನಾವು ತೋಟಾ ತುಂಬಿದ ರಿವಾಲ್ವರಿನ ಬಗೆಗೆ ಸುಮ್ಮನಿರುವುದು ವಿಚಿತ್ರವಾಗುತ್ತದೆ.

ಕಾಯಿದೆಯೂ ಬರಬರುತ್ತ ಬಿಗಿಯಾಗಿದೆ. 1983ರ ತಿದ್ದುಪಡಿ ಒಬ್ಬನಿಗೆ ಮೂರು ಬಂದೂಕುಗಳ ಮಿತಿ ಹಾಕಿತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸುವುದೂ ಅದೇ ತಿದ್ದುಪಡಿಯಿಂದ ಶಿಕ್ಷಾರ್ಹವಾಯಿತು. ಪರವಾನಗಿ ಕುಟುಂಬದ್ದಲ್ಲ, ವ್ಯಕ್ತಿಯದು ಎಂಬುದನ್ನು ನಮ್ಮಲ್ಲಿ ಎಷ್ಟೋ ಮನೆಗಳವರು ತಿಳಿದಂತಿಲ್ಲ. ಗಂಡನ ರಿವಾಲ್ವರ್ ಹೆಂಡತಿಯದಲ್ಲ, ಅಪ್ಪನ ಕೋವಿ ಮಗನದಲ್ಲ. ಆತ್ಮರಕ್ಷಣೆಯ ಹಕ್ಕನ್ನು ಹಿಂದೆ ಭಾರತೀಯ ದಂಡ ಸಂಹಿತೆಯೂ 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳೂ ಮಾನ್ಯ ಮಾಡಿವೆ. ಅಗತ್ಯಕ್ಕೆ ಮೀರಿದ ಹಾನಿ ಆ ಹಕ್ಕಿನೊಳಗೆ ಬರುವುದಿಲ್ಲ.

ಚುನಾವಣೆ ಬಂದಾಗ ಮನೆಯ ಆಯುಧ ಮತ್ತೆ ಕೋಟೆಯ ದಾರಿ ಹಿಡಿಯುತ್ತದೆ. ಪರಿಶೀಲನಾ ಸಮಿತಿಯ ತೀರ್ಮಾನದಂತೆ ಪರವಾನಗಿದಾರರು ತಮ್ಮ ಆಯುಧಗಳನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸಿ ರಸೀದಿ ಪಡೆಯುತ್ತಾರೆ. ಫಲಿತಾಂಶ ಬಂದ ಮೇಲೆ ಹಿಂದಕ್ಕೆ ತರುತ್ತಾರೆ. ಕೋವಿ ಠಾಣೆಯಲ್ಲಿರುವ ಆ ವಾರಗಳಲ್ಲಿ ತೋಟ ಕಾಯುವವರಾರು ಎಂಬ ರೈತರ ದೂರು ನ್ಯಾಯವಾದುದೇ, ಹಂದಿಗೆ ನೀತಿಸಂಹಿತೆಯಿಲ್ಲ. ಪರವಾನಗಿದಾರ ತೀರಿಕೊಂಡಾಗಲೂ ಆಯುಧ ಹೋಗಬೇಕಾದದ್ದು ಠಾಣೆಗೆ ಅಥವಾ ಪರವಾನಗಿಯುಳ್ಳ ಮಾರಾಟಗಾರನಲ್ಲಿಗೆ. ವಾರಸುದಾರ ತನ್ನ ಹೆಸರಿನಲ್ಲಿ ಅರ್ಜಿ ಹಾಕಿ ಪರವಾನಗಿ ಪಡೆದ ಮೇಲಷ್ಟೇ ಅದು ಮನೆಗೆ ಬರುತ್ತದೆ. ಅಲ್ಲಿಯವರೆಗೆ ಗೂಟ ಖಾಲಿಯಾಗಿಯೇ ಇರಬೇಕು, ಆಯುಧಪೂಜೆಯ ದಿನವೂ.