ತಾಯಿ ಮೊದಲು, ತಂದೆ ಆಮೇಲೆ

ಪುಣೆಯಲ್ಲಿ ನನ್ನ ವಕೀಲಿಯ ಹೆಚ್ಚಿನ ಪಾಲು ವಿಲ್ ಬರೆದುಕೊಡುವ ಕೆಲಸ. ನಾವು ಉಯಿಲು ಅನ್ನುವುದನ್ನು ಇಲ್ಲಿಯವರು ‘ಮೃತ್ಯುಪತ್ರ’ ಅನ್ನುತ್ತಾರೆ. ಆ ಹೆಸರಿಗೇ ಅಳುಕಿ ಮುಂದೂಡುವವರು ಬಹಳ. ಹಿಂಜವಡಿಯಲ್ಲಿ ನೌಕರಿ, ವಾಕಡದಲ್ಲಿ ಫ್ಲ್ಯಾಟು, ಅಪ್ಪ ಅಮ್ಮ ಗದಗಿನಲ್ಲೋ ಬೀದರಿನಲ್ಲೋ ಇರುವ ನಮ್ಮ ಹುಡುಗರು ಕೇಳುವುದು ಒಂದೇ: “ವಿಲ್ ಯಾಕ್ರೀ ಸರ್? ನನಗೇನಾದರೂ ಆದರೆ ಹೆಂಡತಿ, ಮಕ್ಕಳು, ಅಪ್ಪ, ಅಮ್ಮ ಎಲ್ಲರಿಗೂ ಕಾನೂನೇ ಹಂಚತದಲ್ಲ?”

ಈ ಪಟ್ಟಿಯಲ್ಲಿ ಒಬ್ಬರಿಗೆ ಪಾಲಿಲ್ಲ. ಆ ಕಥೆ ತಿಳಿಯಲು ಒಂಬತ್ತು ಶತಮಾನ ಹಿಂದಕ್ಕೆ, ನಮ್ಮ ನಾಡಿಗೇ ಹೋಗಬೇಕು.

ಪುಣೆಯಿಂದ ಸೊಲ್ಲಾಪುರ ದಾಟಿ ಹೈದರಾಬಾದಿನ ಹಾದಿ ಹಿಡಿದರೆ ಬಸವಕಲ್ಯಾಣದ ತಿರುವು ಸಿಗುತ್ತದೆ. ಆರನೆಯ ವಿಕ್ರಮಾದಿತ್ಯ (1076–1126) ಆಳುತ್ತಿದ್ದ ಈ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಗಂಡುಮಕ್ಕಳಿಲ್ಲದೆ, ಅಣ್ಣತಮ್ಮಂದಿರಿಂದ ಬೇರೆಯಾಗಿ ಬದುಕಿದವನು ತೀರಿಕೊಂಡರೆ ಆಸ್ತಿ ಯಾರಿಗೆ? ಮೊದಲು ಹೆಂಡತಿ, ಆಮೇಲೆ ಹೆಣ್ಣುಮಕ್ಕಳು, ಆಮೇಲೆ ‘ಪಿತರೌ’, ಅಂದರೆ ತಾಯಿತಂದೆ. ಸ್ಮೃತಿ ಇಬ್ಬರನ್ನೂ ಒಂದೇ ಪದದಲ್ಲಿ ಹೇಳಿ ಸುಮ್ಮನಾಗಿತ್ತು. ವಿಜ್ಞಾನೇಶ್ವರ ಆ ಪದವನ್ನು ಬಿಡಿಸಿದ: ತಾಯಿ ಮೊದಲು, ತಂದೆ ಆಮೇಲೆ. ವ್ಯಾಕರಣದ ಕಾರಣದ ಜೊತೆಗೆ ಅವನು ಕೊಟ್ಟ ಇನ್ನೊಂದು ಕಾರಣ ಸರಳವಾದದ್ದು. ತಂದೆಗೆ ಬೇರೆ ಹೆಂಡಿರಲ್ಲಿಯೂ ಮಕ್ಕಳಿರಬಹುದು. ತಾಯಿ ಹಾಗೆ ಹಂಚಿಹೋಗುವವಳಲ್ಲ, ಆದ್ದರಿಂದ ಅವಳೇ ಹೆಚ್ಚು ಹತ್ತಿರ.

ಎಲ್ಲರೂ ಒಪ್ಪಲಿಲ್ಲ. ಹದಿನೇಳನೆಯ ಶತಮಾನದಲ್ಲಿ ನೀಲಕಂಠ ಭಟ್ಟನ ‘ವ್ಯವಹಾರಮಯೂಖ’ ತಂದೆಯನ್ನು ಮೊದಲಿಟ್ಟಿತು. 1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರದ ದಾಯಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಈ ಪಂಡಿತರ ವಾದ ಕೋರ್ಟಿನ ವಾದವಾಯಿತು. ಗುಜರಾತ್, ಮುಂಬಯಿ ದ್ವೀಪ, ಉತ್ತರ ಕೊಂಕಣಗಳಲ್ಲಿ ಮಯೂಖದ ಮಾತು ನಡೆಯಿತು. ಉಳಿದ ಮರಾಠಿ ಸೀಮೆಯಲ್ಲಿ ಕಲ್ಯಾಣದ ಗ್ರಂಥಕ್ಕೇ ಅಗ್ರಸ್ಥಾನ.

ಪುಣೆಯ ಲಾ ಕಾಲೇಜು ರಸ್ತೆಯಲ್ಲಿ ಈ ಎರಡೂ ಗ್ರಂಥಗಳ ನೆನಪಿದೆ. ಅಲ್ಲಿ 1924ರಲ್ಲಿ ಶುರುವಾದ ಲಾ ಕಾಲೇಜಿನ ಮೊದಲ ಪ್ರಾಂಶುಪಾಲ ಜೆ. ಆರ್. ಘಾರಪುರೆ ಮಿತಾಕ್ಷರವನ್ನು ಸಂಪಾದಿಸಿ, ಅನುವಾದಿಸಿ ಪ್ರಕಟಿಸಿದರು. ಅದೇ ರಸ್ತೆಯ ಭಾಂಡಾರಕರ್ ಸಂಸ್ಥೆಗಾಗಿ ಪಾಂಡುರಂಗ ವಾಮನ ಕಾಣೆ ಮಯೂಖವನ್ನು ಸಂಪಾದಿಸಿದರು. ಅವರ ‘ಧರ್ಮಶಾಸ್ತ್ರದ ಇತಿಹಾಸ’ 1930ರಿಂದ 1962ರವರೆಗೆ ಅಲ್ಲಿಂದಲೇ ಹೊರಬಂತು. ಇಬ್ಬರೂ ವಕೀಲರೇ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹಳೆಯ ಅನುಕ್ರಮವನ್ನು ಬದಲಿಸಿತು. ಹೆಂಡತಿ, ಮಗ, ಮಗಳ ಸಾಲಿಗೇ ತಾಯಿಯನ್ನೂ ತಂದು ಸಮಪಾಲು ಕೊಟ್ಟಿತು. ತಂದೆಯನ್ನು ಎರಡನೆಯ ವರ್ಗದಲ್ಲಿ ಕೂರಿಸಿತು. ಮದುವೆಯಾಗದ ಮಗ ವಿಲ್ ಬರೆಯದೆ ತೀರಿಕೊಂಡರೆ ಅವನ ಗಳಿಕೆಯೆಲ್ಲ ತಾಯಿಗೆ. ಹೊಲ ಮಾರಿ ಓದಿಸಿದ ಅಪ್ಪನಿಗೆ ಪಾಲಿಲ್ಲ. ಗತಿಯಿಲ್ಲದಿದ್ದರೆ ವಾರಸುದಾರರಿಂದ ಜೀವನಾಂಶ ಕೇಳಬಹುದು, ಅಷ್ಟೆ. ಮಗಳ ವಿಷಯ ಇನ್ನೂ ಕಠಿಣ. ಮಕ್ಕಳಿಲ್ಲದ ವಿಧವೆ ತಾನೇ ದುಡಿದು ಕೊಂಡ ಫ್ಲ್ಯಾಟು ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ; ಅವಳ ಅಪ್ಪ ಅಮ್ಮನ ಸರದಿ ಬರುವುದು ಆಮೇಲೆ. ಈ ಕಾಯ್ದೆ ವೀರಶೈವ, ಲಿಂಗಾಯತ, ಜೈನರಿಗೂ ಅನ್ವಯಿಸುತ್ತದೆ.

ವಿಜ್ಞಾನೇಶ್ವರನ ಕಾಲದ ಅವಿಭಕ್ತ ಮನೆಯಲ್ಲಿ ಈ ಕ್ರಮದಿಂದ ಮುದುಕರು ಬೀದಿಗೆ ಬೀಳುತ್ತಿರಲಿಲ್ಲ. ಅಡಿಗೆ ಮನೆ ಒಂದೇ ಇತ್ತು. ಈಗ ಮಗ ಪುಣೆಯಲ್ಲಿ, ಮಗಳು ಹೂಸ್ಟನ್‌ನಲ್ಲಿ, ಅಪ್ಪ ಊರಲ್ಲಿ. ಆ ಅಡಿಗೆ ಮನೆ ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಕಾಗದ ಮಾಡಬೇಕಾಗಿದೆ.

ಅದಕ್ಕೆ ಸ್ಟಾಂಪ್ ಪೇಪರು ಬೇಡ, ನೋಂದಣಿ ಕಡ್ಡಾಯವಲ್ಲ. ನಿಮ್ಮ ಸಹಿ, ಅದನ್ನು ಕಂಡು ಸಹಿ ಹಾಕುವ ಇಬ್ಬರು ಸಾಕ್ಷಿಗಳು ಸಾಕು. ಮುಂದಿನ ಸಲ ಊರಿಗೆ ಹೋಗುವ ಮೊದಲು ಅಪ್ಪನ ಹೆಸರು ಅದರಲ್ಲಿ ಬರೆದಿಡಿ.